ಆಟಿಕೆ ರೇಸ್ ಕಾರಿನ ವೇಗ 800 ಕಿ.ಮೀ.? ಉತ್ತರ ಕೊಟ್ಟವರು ಹಡಗಿನ ಇಂಜಿನಿಯರ್

ಕುದ್ರೋಳಿಯ ಗಲ್ಲಿಯಲ್ಲಿ ಮಕ್ಕಳು ಓಡಿಸುವ ರಿಮೋಟ್ ರೇಸ್ ಕಾರು ಅಸಲಿಗಿಂತ 16 ಪಟ್ಟು ಚಿಕ್ಕದು ಎನ್ನಿ. ಅದು ಗಂಟೆಗೆ 50 ಕಿ.ಮೀ. ಓಡಿದರೆ ದೊಡ್ಡ ಕಾರಿನ 800ಕ್ಕೆ ಸಮವೇ? ಅಲ್ಲ.

ಇಂಥ ಲೆಕ್ಕವನ್ನು ಸರಿಪಡಿಸಿದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1810ರಲ್ಲಿ ಹುಟ್ಟಿದ ಅವರು ಮೊದಲು ರೈಲುಮಾರ್ಗದ ಇಂಜಿನಿಯರ್. 1867ರಲ್ಲಿ ಚೂಪು ಮೂತಿಯ 'ರೇವನ್', ಮೊಂಡು ಮೂತಿಯ 'ಸ್ವಾನ್' ಎಂಬ ಹಡಗಿನ ಮಾದರಿಗಳನ್ನು 3, 6, 12 ಅಡಿ ಉದ್ದಕ್ಕೆ ಮಾಡಿ ನೀರಿನಲ್ಲಿ ಎಳೆಸಿದರು. ಚೂಪಾದದ್ದೇ ಮೇಲು ಎಂಬ ನಂಬಿಕೆಯಿತ್ತು. ವೇಗ ಹೆಚ್ಚಿದಾಗ ಗೆದ್ದದ್ದು ಮೊಂಡು ಸ್ವಾನ್!

ಇನ್ನೊಂದು ಗುಟ್ಟೂ ಸಿಕ್ಕಿತು. ಉದ್ದ 16 ಪಟ್ಟಾದರೆ ಅದೇ ಬಗೆಯ ಅಲೆ ಏಳಲು ವೇಗ 4 ಪಟ್ಟಾದರೆ ಸಾಕು. ತಿರುವಿನಲ್ಲಿ ಕಾರಿನ ಹಿಡಿತಕ್ಕೂ ಹೆಚ್ಚುಕಡಿಮೆ ಇದೇ ನಿಯಮ. ಹಾಗಾಗಿ ನಮ್ಮ ಆಟಿಕೆಯದು 200, ಅಷ್ಟೇ. ನೀರಿನ ಉಜ್ಜುವಿಕೆ ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಹಲಗೆಗಳನ್ನು ನೀರಿನಲ್ಲಿ ಎಳೆದು ಅದನ್ನು ಬೇರೆಯಾಗಿ ಅಳೆದರು.

ಮಾದರಿಗಳನ್ನು ನಂಬದ ತಜ್ಞರಿದ್ದರು. 1871ರಲ್ಲಿ 'ಗ್ರೇಹೌಂಡ್' ಎಂಬ ನಿಜವಾದ ನೌಕೆಯನ್ನೇ ಎಳೆಸಿ ನೋಡಿದಾಗ ಲೆಕ್ಕ ತಾಳೆಯಾಯಿತು. ನೌಕಾಪಡೆಯ ಹಣದಿಂದ ಟಾರ್ಕಿಯಲ್ಲಿ ಪರೀಕ್ಷಾ ಕೊಳವೂ ಬಂತು. ಅಲ್ಲಿನ ಮಾದರಿಗಳು ಮೇಣದವು: ತಪ್ಪಿದರೆ ಕೆರೆಯಬಹುದು, ಕರಗಿಸಿ ಮತ್ತೆ ಎರೆಯಬಹುದು. 1879ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತೀರಿಕೊಂಡ ಫ್ರೂಡ್ ಅವರಿಗೆ ನೌಕಾಪಡೆಯ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.