ಕಾಲಿನ ಪಟ್ಟಿ ಕಳಚಿಟ್ಟು ಓಡಿದ ವಿಲ್ಮಾ



ಭಟ್ಕಳದಲ್ಲಿ ಬಸ್ ಹತ್ತಿ ಕುಮಟಾದವರೆಗೆ ಹೋಗಿ, ಅಲ್ಲಿಂದ ಮತ್ತೆ ಹೊನ್ನಾವರಕ್ಕೆ ಹಿಂದಿರುಗಿದರೆ ಎಷ್ಟು ದೂರವಾಗುತ್ತದೆ? ಹೆಚ್ಚುಕಡಿಮೆ 80 ಕಿಲೋಮೀಟರ್. ಈಗ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಅವಳು ಬೇರೆಯವರ ಮನೆಗಳಲ್ಲಿ ಕೆಲಸ ಮಾಡಿ ಬದುಕುವವಳು. ವಾರಕ್ಕೊಮ್ಮೆ ಆ ಕೆಲಸ ಬಿಟ್ಟು, ನಡೆಯಲಾಗದ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಅಷ್ಟು ದೂರದ ಆಸ್ಪತ್ರೆಗೆ ಹೋಗುತ್ತಾಳೆ. ಹೋಗಲು 80 ಕಿಲೋಮೀಟರ್, ಬರಲು 80 ಕಿಲೋಮೀಟರ್. ಒಂದು ತಿಂಗಳಲ್ಲ, ಎರಡು ವರ್ಷ ಹೀಗೆ ಹೋಗಿ ಬಂದಳು. ಬಸ್ಸಿನಲ್ಲಿ ಅವರಿಬ್ಬರೂ ಹಿಂದಿನ ಸೀಟಿನಲ್ಲೇ ಕೂರಬೇಕಾಗಿತ್ತು. ಏಕೆಂದರೆ ಅವರ ಚರ್ಮದ ಬಣ್ಣ ಕಪ್ಪು.

ಆ ತಾಯಿಯ ಹೆಸರು ಬ್ಲಾಂಚ್. ಮಗಳು ವಿಲ್ಮಾ ರುಡಾಲ್ಫ್. ಊರು ಅಮೆರಿಕದ ಟೆನೆಸಿ ರಾಜ್ಯದ ಕ್ಲಾರ್ಕ್ಸ್‌ವಿಲ್. ಆಸ್ಪತ್ರೆ ಇದ್ದದ್ದು ನ್ಯಾಶ್‌ವಿಲ್ ನಗರದಲ್ಲಿ.

ವಿಲ್ಮಾ ಹುಟ್ಟಿದ್ದು 1940ರ ಜೂನ್ 23ರಂದು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ತೂಕ ಎರಡೇ ಕಿಲೋಗ್ರಾಂ. ತಂದೆ ಎಡ್ ರೈಲ್ವೆಯಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಎರಡು ಮದುವೆಗಳಿಂದ ಒಟ್ಟು 22 ಮಕ್ಕಳು, ವಿಲ್ಮಾ ಇಪ್ಪತ್ತನೆಯವಳು. ಒಂದಾದ ಮೇಲೊಂದು ಕಾಯಿಲೆ ಬಂದವು. ನ್ಯುಮೋನಿಯಾ ಬಂತು, ಸ್ಕಾರ್ಲೆಟ್ ಜ್ವರ ಬಂತು. ಐದು ವರ್ಷ ತುಂಬುವ ಹೊತ್ತಿಗೆ ಪೋಲಿಯೋ ಬಂದು ಎಡಗಾಲಿನ ಶಕ್ತಿ ಹೋಯಿತು.

ನಿಮ್ಮಲ್ಲಿ ಹೆಚ್ಚಿನವರು ಪೋಲಿಯೋ ಆದ ಮಗುವನ್ನು ನೋಡಿಯೇ ಇರಲಿಕ್ಕಿಲ್ಲ. ನಾನು ನಿಮ್ಮಷ್ಟಿದ್ದಾಗ ನನ್ನ ತರಗತಿಯಲ್ಲಿ ಒಬ್ಬನಿದ್ದ. ಶಾಲೆಯ ಆಟೋಟದ ದಿನ ಅವನಿಗೆ ಯಾವಾಗಲೂ ಒಂದೇ ಕೆಲಸ, ಮೇಜಿನ ಹತ್ತಿರ ಕುಳಿತು ಗೆದ್ದವರ ಹೆಸರು ಬರೆಯುವುದು. ಅವನ ಅಕ್ಷರ ದುಂಡಗಿತ್ತು, ಅದಕ್ಕೆ ಎಂದು ನಾವು ಅಂದುಕೊಂಡಿದ್ದೆವು. ನಿನಗೂ ಓಡಬೇಕೆಂಬ ಆಸೆ ಇದೆಯೇ ಎಂದು ಏಳು ವರ್ಷಗಳಲ್ಲಿ ನಾವು ಯಾರೂ ಕೇಳಲಿಲ್ಲ. ವಿಲ್ಮಾಳ ಬಗ್ಗೆ ಓದಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಪೋಲಿಯೋ ವೈರಸ್ ಮೈಯೊಳಗೆ ಹೋಗುವುದು ಬಾಯಿಯ ಮೂಲಕ. ಸೋಂಕು ತಗಲಿದವರ ಮಲ ಸೇರಿದ ನೀರು, ಆಹಾರ, ತೊಳೆಯದ ಕೈ, ಇವೇ ಅದರ ದಾರಿ. ಮೊದಲು ಅದು ಕರುಳಿನಲ್ಲಿ ಬೆಳೆಯುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಅಥವಾ ಸಣ್ಣ ಜ್ವರ ಬಂದು ಹೋಗುತ್ತದೆ. ಆದರೆ ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಅದು ಬೆನ್ನುಹುರಿಯನ್ನು ತಲುಪುತ್ತದೆ. ಕಾಲನ್ನು ಎತ್ತು, ಮಡಿಸು ಎಂಬ ಸಂದೇಶವನ್ನು ಸ್ನಾಯುಗಳಿಗೆ ಕಳಿಸುವ ನರಕೋಶಗಳು ಅಲ್ಲಿವೆ. ವೈರಸ್ ಅವನ್ನು ಕೊಲ್ಲುತ್ತದೆ. ಗಮನಿಸಿ, ಕಾಲಿಗೆ ಏನೂ ಪೆಟ್ಟಾಗಿರುವುದಿಲ್ಲ. ಬಲ್ಬ್ ಸರಿಯಿದೆ, ಆದರೆ ವೈರ್ ತುಂಡಾಗಿದೆ, ಹಾಗೆ. ಸಂದೇಶ ಬಾರದ ಸ್ನಾಯು ದಿನದಿಂದ ದಿನಕ್ಕೆ ಸಣಕಲಾಗುತ್ತದೆ.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಹಾಗಾದರೆ ವಿಲ್ಮಾ ನಡೆದದ್ದು ಹೇಗೆ? ವೈರಸ್ ಎಲ್ಲ ನರಕೋಶಗಳನ್ನೂ ಕೊಂದಿರುವುದಿಲ್ಲ. ಉಳಿದವು ಹೊಸ ಕವಲುಗಳನ್ನು ಚಾಚಿ, ಸಂಪರ್ಕ ಕಳೆದುಕೊಂಡ ಅಕ್ಕಪಕ್ಕದ ಸ್ನಾಯುತಂತುಗಳನ್ನೂ ತಮ್ಮದಾಗಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಒಂದು ಮನೆಯ ಲೈನ್ ಹೋದರೆ ಪಕ್ಕದ ಮನೆಯಿಂದ ವೈರ್ ಎಳೆದುಕೊಳ್ಳುವುದಿಲ್ಲವೇ, ಹೆಚ್ಚುಕಡಿಮೆ ಹಾಗೆಯೇ. ಎಷ್ಟು ನರಕೋಶ ಉಳಿದಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಅದು ಯಾರ ಕೈಯಲ್ಲೂ ಇಲ್ಲ. ಉಳಿದದ್ದನ್ನು ಕೆಲಸಕ್ಕೆ ಹಚ್ಚಲು ವ್ಯಾಯಾಮ ಬೇಕು. ಕೀಲುಗಳು ಬಿಗಿಯಾಗದಂತೆ, ಕಾಲು ಸೊಟ್ಟಗಾಗದಂತೆ ನೋಡಿಕೊಳ್ಳಲು ತಿಕ್ಕುವುದು, ಮಡಿಸುವುದು, ಚಾಚುವುದು ಬೇಕು.

ನ್ಯಾಶ್‌ವಿಲ್‌ನ ಮೆಹಾರಿ ವೈದ್ಯಕೀಯ ಕಾಲೇಜಿನ ವೈದ್ಯರು ಇದನ್ನೇ ಮಾಡುತ್ತಿದ್ದರು. ಕಪ್ಪು ಜನರ ಚಿಕಿತ್ಸೆಗಾಗಿಯೇ ಇದ್ದ ಸಂಸ್ಥೆ ಅದು. ಆದರೆ ವಾರಕ್ಕೊಂದು ದಿನದ ಚಿಕಿತ್ಸೆ ಸಾಲದು. ಆದ್ದರಿಂದ ಅವರು ತಾಯಿಗೇ ಕಾಲು ತಿಕ್ಕುವ ವಿಧಾನವನ್ನು ಕಲಿಸಿದರು. ಬ್ಲಾಂಚ್ ಮನೆಗೆ ಬಂದು ದೊಡ್ಡ ಮಕ್ಕಳಿಗೆ ಕಲಿಸಿದರು. ದಿನಕ್ಕೆ ನಾಲ್ಕು ಸಲ, ಅಕ್ಕ ಒಮ್ಮೆ, ಅಣ್ಣ ಒಮ್ಮೆ, ಅಮ್ಮ ಒಮ್ಮೆ, ಸರದಿಯ ಮೇಲೆ ಆ ಕಾಲನ್ನು ತಿಕ್ಕಿದರು. ಮನೆ ತುಂಬ ಮಕ್ಕಳಿದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು ನೋಡಿ!

ಕಾಲಿಗೆ ಲೋಹದ ಪಟ್ಟಿ ಕಟ್ಟಿದ್ದರು. ನಮ್ಮಲ್ಲಿ ಇದನ್ನು ಕ್ಯಾಲಿಪರ್ ಎನ್ನುತ್ತಾರೆ. ಶಾಲೆಗೆ ಸೇರಿದ್ದು 1947ರಲ್ಲಿ, ಏಳನೆಯ ವಯಸ್ಸಿಗೆ, ನೇರವಾಗಿ ಎರಡನೆಯ ತರಗತಿಗೆ. ಅಲ್ಲಿಯವರೆಗೆ ಮನೆಯಲ್ಲೇ ಪಾಠ. ಮನೆಯಲ್ಲಿ ದೊಡ್ಡವರು ಇಲ್ಲದಾಗ ಅವಳು ಪಟ್ಟಿ ಬಿಚ್ಚಿಟ್ಟು ನಡೆದು ನೋಡುತ್ತಿದ್ದಳು. (ನಿಮ್ಮಲ್ಲಿ ಯಾರಿಗಾದರೂ ವೈದ್ಯರು ಪಟ್ಟಿ ಕಟ್ಟಿದ್ದರೆ, ಉಬ್ಬಸಕ್ಕೆ ಔಷಧಿ ಕೊಟ್ಟಿದ್ದರೆ, ಇದನ್ನು ಓದಿ ಹಾಗೆ ಮಾಡಬೇಡಿ. ಎಷ್ಟು ನಡೆಯಬಹುದು, ಎಷ್ಟು ಓಡಬಹುದು ಎಂದು ಅವರನ್ನೇ ಕೇಳಿ. ಕೇಳಲು ನಾಚಿಕೆ ಬೇಡ.) ಪಟ್ಟಿ ಹೋಗಿ ವಿಶೇಷ ಬೂಟು ಬಂತು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಬೂಟೂ ಬೇಡವಾಯಿತು.

ನಡೆಯಲು ಬಂದವಳು ಸುಮ್ಮನೆ ಕೂರಲಿಲ್ಲ. ಅಕ್ಕನ ಹಿಂದೆ ಶಾಲೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಹೋದಳು. ತರಬೇತುದಾರ ಕ್ಲಿಂಟನ್ ಗ್ರೇ ಎಲ್ಲಿ ತಿರುಗಿದರೂ ಅಲ್ಲಿ ಇವಳೇ. ಅವರು ಇವಳಿಗೆ ಸೊಳ್ಳೆ ಎಂದು ಅಡ್ಡಹೆಸರಿಟ್ಟರು. ನಮ್ಮ ಕಡೆ ಹೇಳುವುದಾದರೆ ನುಸಿ! ಒಂದು ಪಂದ್ಯದಲ್ಲಿ ಆ ಉದ್ದ ಕಾಲಿನ ಹುಡುಗಿಯನ್ನು ಎಡ್ ಟೆಂಪಲ್ ಎಂಬವರು ನೋಡಿದರು. ಅವರು ನ್ಯಾಶ್‌ವಿಲ್‌ನ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಓಟ ಕಲಿಸುತ್ತಿದ್ದವರು.

ಶಾಲೆಯಲ್ಲಿ ವಿಲ್ಮಾಳನ್ನು ಓಟದಲ್ಲಿ ಸೋಲಿಸುವವರು ಇರಲಿಲ್ಲ. ಆ ಹೆಮ್ಮೆಯಲ್ಲೇ ಅವಳು ಅಲಬಾಮ ರಾಜ್ಯದ ಟಸ್ಕೇಗಿಯಲ್ಲಿ ನಡೆದ ದೊಡ್ಡ ಕೂಟಕ್ಕೆ ಹೋದಳು. ಒಂದು ಓಟವನ್ನೂ ಗೆಲ್ಲಲಿಲ್ಲ. ವಲಯ ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಕಾರವಾರಕ್ಕೆ ಹೋಗಿ ಬರಿಗೈಯಲ್ಲಿ ಬಂದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಬೇಗ ಓಡುವುದು ಬೇರೆ, ಓಟವನ್ನು ಕಲಿತು ಓಡುವುದು ಬೇರೆ ಎಂದು ಅವಳಿಗೆ ಅಲ್ಲಿ ಗೊತ್ತಾಯಿತು.

ಕಲಿಸಿದವರು ಟೆಂಪಲ್. ಬೇಸಿಗೆ ಶಿಬಿರದಲ್ಲಿ ಮೊದಲು ಉಬ್ಬುತಗ್ಗಿನ ದಾರಿಯಲ್ಲಿ ಮೈಲುಗಟ್ಟಲೆ ಓಟ, ಆಮೇಲೆ ಉಸಿರಾಟ, ಓಟ ಆರಂಭಿಸುವ ರೀತಿ, ಬೇಟನ್ ಕೊಡುವ ರೀತಿ. ಅವರ ಬಳಿ ಹಣವಿರಲಿಲ್ಲ. ಓಟದ ಟ್ರ್ಯಾಕಿಗೆ ತಾವೇ ಗೆರೆ ಹಾಕುತ್ತಿದ್ದರು, ತಮ್ಮ ಕಾರಿನಲ್ಲೇ ಹುಡುಗಿಯರನ್ನು ಕೂಟಗಳಿಗೆ ಕರೆದೊಯ್ಯುತ್ತಿದ್ದರು. ಶಿಸ್ತು ಮಾತ್ರ ಬಿಗಿ. ಅಭ್ಯಾಸಕ್ಕೆ ಒಂದು ನಿಮಿಷ ತಡವಾದರೆ ಒಂದು ಸುತ್ತು ಹೆಚ್ಚಿಗೆ ಓಡಬೇಕು. ಒಂದು ದಿನ ವಿಲ್ಮಾ ನಿದ್ದೆಹೋಗಿ 30 ನಿಮಿಷ ತಡವಾಗಿ ಬಂದು 30 ಸುತ್ತು ಓಡಿದಳಂತೆ. ಮರುದಿನ ಅರ್ಧ ಗಂಟೆ ಮೊದಲೇ ಮೈದಾನದಲ್ಲಿದ್ದಳಂತೆ.

1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್. ವಿಲ್ಮಾಳಿಗೆ 16 ವರ್ಷ. 200 ಮೀಟರ್ ಓಟದಲ್ಲಿ ಫೈನಲ್ ತಲುಪಲಿಲ್ಲ, 4×100 ರಿಲೇಯಲ್ಲಿ ಕಂಚು ಸಿಕ್ಕಿತು. ಮುಂದಿನ ಒಲಿಂಪಿಕ್ಸ್‌ಗೆ ನಾಲ್ಕು ವರ್ಷವಿತ್ತು. 1960ರ ಜುಲೈನಲ್ಲಿ ಅವಳು 200 ಮೀಟರನ್ನು 22.9 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಳು.

ಆಮೇಲೆ ರೋಮ್. 100 ಮೀಟರ್ ಓಟಗಳು ಶುರುವಾಗುವ ಹಿಂದಿನ ದಿನ ಅಭ್ಯಾಸದ ಮೈದಾನದ ಹುಲ್ಲಿನಲ್ಲಿ ಒಂದು ಸಣ್ಣ ಗುಂಡಿ ಇತ್ತು. ಕಾಲು ಅದರೊಳಗೆ ಹೋಗಿ ಪಾದದ ಗಂಟು ಉಳುಕಿತು, ಊದಿಕೊಂಡಿತು. ಎಷ್ಟು ವರ್ಷಗಳ ಶ್ರಮ, ಎಷ್ಟು ಜನರ ಕೈಗಳ ಶ್ರಮ! ಗಂಟನ್ನು ಬಿಗಿಯಾಗಿ ಪಟ್ಟಿ ಸುತ್ತಿ, ಕಾಲನ್ನು ಎತ್ತರದಲ್ಲಿಟ್ಟು ಮಲಗಿದಳು. ಒಂದು ಅನುಕೂಲವಿತ್ತು. 100 ಮೀಟರ್ ಓಟ ನೇರ ದಾರಿಯದು. 200 ಮೀಟರಿನಂತೆ ತಿರುವಿನಲ್ಲಿ ಒಂದು ಪಕ್ಕಕ್ಕೆ ಬಾಗಿ ಓಡಬೇಕಾಗಿಲ್ಲ, ಆದ್ದರಿಂದ ಗಂಟಿನ ಮೇಲೆ ಅಡ್ಡ ಒತ್ತಡ ಕಡಿಮೆ.

ಸೆಮಿಫೈನಲಿನಲ್ಲಿ 11.3 ಸೆಕೆಂಡ್, ಅಂದಿನ ವಿಶ್ವದಾಖಲೆಗೆ ಸಮ. ಸೆಪ್ಟೆಂಬರ್ 2ರಂದು ಫೈನಲ್. ವಿಲ್ಮಾ ಓಟದ ಆರಂಭದಲ್ಲಿ ತುಸು ನಿಧಾನ, ಉದ್ದ ಕಾಲಿನವರಿಗೆ ಇದು ಸಹಜ. ಅರ್ಧ ದಾರಿಯ ನಂತರ ಅವಳನ್ನು ಹಿಡಿಯುವವರೇ ಇಲ್ಲ. 11.0 ಸೆಕೆಂಡ್! ನೀವೇ ಲೆಕ್ಕ ಮಾಡಿ, 100ನ್ನು 11ರಿಂದ ಭಾಗಿಸಿದರೆ ಸೆಕೆಂಡಿಗೆ 9.09 ಮೀಟರ್. ಅದನ್ನು 3.6ರಿಂದ ಗುಣಿಸಿ, ಗಂಟೆಗೆ ಸುಮಾರು 32.7 ಕಿಲೋಮೀಟರ್.

ಚಿನ್ನ ಸಿಕ್ಕಿತು, ಆದರೆ ಆ 11.0 ವಿಶ್ವದಾಖಲೆಯ ಪಟ್ಟಿಗೆ ಸೇರಲಿಲ್ಲ. ಕಾರಣ ಗಾಳಿ. ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚಾದರೆ ದಾಖಲೆ ಒಪ್ಪುವುದಿಲ್ಲ. ಅಂದು 2.75 ಮೀಟರ್ ಇತ್ತು. ಗಾಳಿ ಅಷ್ಟು ಸಹಾಯ ಮಾಡುತ್ತದೆಯೇ ಎಂದು ಅನುಮಾನವಿದ್ದರೆ ನಮ್ಮ ಕರಾವಳಿಯಲ್ಲೇ ಪರೀಕ್ಷಿಸಬಹುದು. ಮಳೆಗಾಲ ಮುಗಿದ ಮೇಲೆ ಬಿಸಿಲಿನ ದಿನ ಮಧ್ಯಾಹ್ನ ನೆಲ ಬೇಗ ಕಾಯುತ್ತದೆ, ಸಮುದ್ರ ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಪಶ್ಚಿಮದಿಂದ ಕಡಲ ಗಾಳಿ ನುಗ್ಗುತ್ತದೆ. ಮೂರು ಗಂಟೆಯ ಹೊತ್ತಿಗೆ ಒಂದು ಕಾಗದದ ಪಟ್ಟಿಯನ್ನು ಕೈಯಲ್ಲಿ ಹಿಡಿದು ದಿಕ್ಕು ನೋಡಿ. 50 ಮೀಟರ್ ಅಳೆದು ಒಮ್ಮೆ ಪೂರ್ವಕ್ಕೆ ಓಡಿ, ಚೆನ್ನಾಗಿ ದಣಿವಾರಿಸಿಕೊಂಡು ಒಮ್ಮೆ ಪಶ್ಚಿಮಕ್ಕೆ ಓಡಿ. ಎರಡೂ ಸಮಯಗಳನ್ನು ಬರೆದಿಡಿ.

200 ಮೀಟರಿನಲ್ಲೂ ವಿಲ್ಮಾ ಗೆದ್ದಳು, 24.0 ಸೆಕೆಂಡ್. ರಿಲೇಯಲ್ಲಿ ನಾಲ್ವರೂ ಟೆಂಪಲ್ ಅವರ ಶಿಷ್ಯೆಯರೇ. ಮಾರ್ತಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ಕೊನೆಯಲ್ಲಿ ವಿಲ್ಮಾ. ಫೈನಲಿನಲ್ಲಿ ಬೇಟನ್ ಅವಳ ಕೈಯಿಂದ ಜಾರಿಯೇಬಿಡುತ್ತಿತ್ತು. ಹೇಗೋ ಹಿಡಿದು, ಮುಂದೆ ಹೋಗಿದ್ದ ಜರ್ಮನಿಯ ಓಟಗಾರ್ತಿಯನ್ನು ದಾಟಿದಳು, 44.5 ಸೆಕೆಂಡ್. ಒಂದೇ ಒಲಿಂಪಿಕ್ಸ್‌ನ ಟ್ರ್ಯಾಕ್ ಸ್ಪರ್ಧೆಗಳಲ್ಲಿ ಮೂರು ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಅವಳು. ಅದೇ ರೋಮ್‌ನಲ್ಲಿ, ಅದೇ ವಾರ, ನಮ್ಮ ಮಿಲ್ಖಾ ಸಿಂಗ್ 400 ಮೀಟರ್ ಓಟದಲ್ಲಿ ಕೂದಲೆಳೆಯ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು.

ಕ್ಲಾರ್ಕ್ಸ್‌ವಿಲ್‌ನಲ್ಲಿ ಸ್ವಾಗತಕ್ಕೆ ಸಿದ್ಧತೆ ನಡೆಯಿತು. ಆ ಊರಿನಲ್ಲಿ ಬಿಳಿಯರು ಮತ್ತು ಕಪ್ಪು ಜನರು ಒಟ್ಟಿಗೆ ಕುಳಿತು ಯಾವ ಸಮಾರಂಭವನ್ನೂ ನೋಡುತ್ತಿರಲಿಲ್ಲ. ಜನರನ್ನು ಬೇರೆ ಬೇರೆ ಕೂರಿಸುವುದಾದರೆ ತಾನು ಬರುವುದೇ ಇಲ್ಲ ಎಂದಳು ವಿಲ್ಮಾ. 20 ವರ್ಷದ ಹುಡುಗಿ! 1960ರ ಅಕ್ಟೋಬರ್ 4ರಂದು ಮೆರವಣಿಗೆಯೂ ಔತಣವೂ ನಡೆದವು. ಎಲ್ಲರೂ ಒಟ್ಟಿಗೆ ಸೇರಿದ ಆ ಊರಿನ ಮೊದಲ ಸಮಾರಂಭ ಅದು. ನನ್ನನ್ನು ಕೇಳಿದರೆ ಮೂರು ಚಿನ್ನಗಳಿಗಿಂತ ಇದು ಕಷ್ಟದ ಗೆಲುವು.

ವಿಲ್ಮಾ ಕಾಯಿಲೆ ಬಿದ್ದಾಗ ಪೋಲಿಯೋ ಲಸಿಕೆ ಇರಲಿಲ್ಲ. ಜೋನಾಸ್ ಸಾಲ್ಕ್ ಅವರ ಚುಚ್ಚುಮದ್ದು ಬಂದದ್ದು 1955ರಲ್ಲಿ. ಆಲ್ಬರ್ಟ್ ಸೇಬಿನ್ ಅವರ ಬಾಯಿಗೆ ಹಾಕುವ ಹನಿ ಅದರ ನಂತರದ್ದು. ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೂ ಮಗುವಾಗಿದ್ದಾಗ ಪೋಲಿಯೋ ಬಂದಿತ್ತು. ಅವರು ವಿಲ್ಮಾಳಂತೆ ಎದ್ದು ಓಡಲಿಲ್ಲ. ಗಾಲಿಕುರ್ಚಿಯಲ್ಲೇ ಸ್ಪರ್ಧಿಸಿದರು, 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೆ ಹೋದರು, 2001ರಲ್ಲಿ ಪದ್ಮಶ್ರೀ ಪಡೆದರು. ಅವರ ನರಕೋಶಗಳು ಬೇರೆ, ವಿಲ್ಮಾಳವು ಬೇರೆ.

ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಒಂದು ಭಾನುವಾರ ಶರಾವತಿಯ ನಡುಗಡ್ಡೆಯೊಂದಕ್ಕೆ ದೋಣಿಯಲ್ಲಿ ಹೋದವರ ಜೊತೆ ನಾನೂ ಇದ್ದೆ. ಲಸಿಕೆಯ ಪೆಟ್ಟಿಗೆ ನನ್ನ ಮಡಿಲಲ್ಲಿತ್ತು, ಒಳಗೆ ಮಂಜುಗಡ್ಡೆ. ಬಿಸಿಯಾದರೆ ಲಸಿಕೆ ಕೆಡುತ್ತದೆ. ಕೆಟ್ಟಿದೆಯೇ ಎಂದು ತಿಳಿಯಲು ಪ್ರತಿ ಸೀಸೆಯ ಮೇಲೂ ಒಂದು ವೃತ್ತ, ಅದರೊಳಗೆ ಒಂದು ಬಿಳಿ ಚೌಕ ಇರುತ್ತದೆ. ಬಿಸಿ ತಗಲಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದಷ್ಟು ಕಪ್ಪಾದರೆ ಸೀಸೆ ಎಸೆಯಬೇಕು. ಮುಂದಿನ ಸಲ ನಿಮ್ಮ ತಮ್ಮ ತಂಗಿಯನ್ನು ಕರೆದುಕೊಂಡು ಹೋದಾಗ ಆಶಾ ಅಕ್ಕನನ್ನು ಕೇಳಿ, ತೋರಿಸುತ್ತಾರೆ. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ವೈರಸ್ ಇನ್ನೂ ಇರುವುದರಿಂದ ಹನಿ ಹಾಕುವುದು ನಿಂತಿಲ್ಲ.

ವಿಲ್ಮಾ 1962ರಲ್ಲಿ, ಗೆಲ್ಲುತ್ತಿರುವಾಗಲೇ, ಓಟ ನಿಲ್ಲಿಸಿದಳು. 1963ರಲ್ಲಿ ಪ್ರಾಥಮಿಕ ಶಿಕ್ಷಣದಲ್ಲಿ ಪದವಿ ಪಡೆದಳು. ಇನ್ನು ಮುಂದೆ ಅವಳು ಎನ್ನುವಂತಿಲ್ಲ, ಅವರು ಎನ್ನಬೇಕು. ಏಕೆಂದರೆ ವಿಲ್ಮಾ ಟೀಚರ್ ಆದರು. ಸೇರಿದ್ದು ತಮ್ಮೂರಿನ ಕಾಬ್ ಪ್ರಾಥಮಿಕ ಶಾಲೆಗೆ. ಏಳನೆಯ ವಯಸ್ಸಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದು ಕುಳಿತಿದ್ದ ಅದೇ ಶಾಲೆ. ಕಲಿಸಿದ್ದೂ ಎರಡನೆಯ ತರಗತಿಗೆ. ಮುಂದೆ ಮಕ್ಕಳಿಗೆ ಓಟ ಕಲಿಸಲು 1981ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು. 1994ರ ನವೆಂಬರ್ 12ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 54 ವರ್ಷ.