ಮುಷ್ಟಿಮಲ್ಲ ಬಿಲ್ ರಿಚ್ಮಂಡ್

ಇಂಗ್ಲೆಂಡಿನಲ್ಲಿ ಮುಷ್ಟಿಯುದ್ಧವು ಕೈಗವಸಿಲ್ಲದೆ, ಬರಿಗೈಯಲ್ಲಿ ನಡೆಯುತ್ತಿದ್ದ ಕಾಲವೊಂದಿತ್ತು. ಊರ ಹೊರಗಿನ ಬಯಲಿನಲ್ಲಿ ಗೂಟಗಳನ್ನು ನೆಟ್ಟು ಹಗ್ಗ ಬಿಗಿದರೆ ಅದೇ ಕಣ. ಒಬ್ಬನು ನೆಲಕ್ಕೆ ಬಿದ್ದರೆ ಒಂದು ಸುತ್ತು ಮುಗಿಯಿತು. ಅರ್ಧ ನಿಮಿಷದೊಳಗೆ ಎದ್ದು ಗೆರೆಗೆ ಬಂದು ನಿಲ್ಲಲಾರದವನು ಸೋತಂತೆ. ಸುತ್ತುಗಳಿಗೆ ಲೆಕ್ಕವಿರಲಿಲ್ಲ, ಹೊತ್ತಿಗೆ ಮಿತಿಯಿರಲಿಲ್ಲ. ಕಾನೂನಿನ ಕಣ್ಣಿಗೆ ಇದು ಅಪರಾಧ. ಆದರೂ ದೊಡ್ಡ ಪ್ರಭುಗಳೂ ಜೇಬುಗಳ್ಳರೂ ಒಂದೇ ಹಗ್ಗದ ಸುತ್ತ ನಿಂತು ಪಣ ಕಟ್ಟುತ್ತಿದ್ದರು. ಇಂತಹ ಒರಟು ಲೋಕದಲ್ಲಿ ಮಾನವನ್ನು ಬಿಡದೆ ಬಾಳಿ ಹೆಸರಾದವನು ಬಿಲ್ ರಿಚ್ಮಂಡ್. ಆತನು ಹುಟ್ಟಿದ್ದು ಗುಲಾಮನಾಗಿ ಎಂಬುದನ್ನು ನೆನೆದರೆ ಆ ಬಾಳಿನ ಬೆಲೆ ನಮಗೆ ತಿಳಿಯುತ್ತದೆ.

ರಿಚ್ಮಂಡನು 1763ನೆಯ ಆಗಸ್ಟ್ 5ರಂದು ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ, ಪಾದ್ರಿಯೊಬ್ಬನ ಮನೆಯಲ್ಲಿ ಜನಿಸಿದನು. ಮನೆಯ ಮೇಜು ಕುರ್ಚಿಗಳಂತೆ ಆ ಕಪ್ಪು ಮಗುವೂ ಒಡೆಯನ ಸೊತ್ತು. 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರದ ನಡುವೆ ಬ್ರಿಟಿಷ್ ಸೈನ್ಯವು ನ್ಯೂಯಾರ್ಕನ್ನು ಹಿಡಿಯಿತು. ಆಗ ಸೇನಾನಿಯಾಗಿದ್ದ ಹ್ಯೂ ಪರ್ಸಿ ಪ್ರಭುವಿನ ಕಣ್ಣಿಗೆ ಈ ಚುರುಕು ಹುಡುಗನು ಬಿದ್ದನು. 1777ರಲ್ಲಿ ಪರ್ಸಿಯು ಆತನನ್ನು ಇಂಗ್ಲೆಂಡಿಗೆ ಕರೆತಂದು ಯಾರ್ಕ್‌ಷೈರಿನಲ್ಲಿ ಶಾಲೆಗೆ ಸೇರಿಸಿದನು. ಬಳಿಕ ಯಾರ್ಕ್ ನಗರದ ಬಡಗಿಯೊಬ್ಬನ ಬಳಿ ಪೀಠೋಪಕರಣಗಳ ಕೆಲಸ ಕಲಿಯಲು ಬಿಟ್ಟನು.

ಓದುಬರಹ ಬಲ್ಲ, ಕೈಕಸುಬು ಬಲ್ಲ, ಅಚ್ಚುಕಟ್ಟಾಗಿ ಉಡುವ ಕಪ್ಪು ಯುವಕನನ್ನು ಕಂಡು ಸಹಿಸದವರು ಆ ಬೀದಿಗಳಲ್ಲಿ ಹಲವರಿದ್ದರು. ಅವರ ನಿಂದೆಗೆ ಉತ್ತರ ಕೊಡುವುದರಲ್ಲೇ ಆತನ ಮುಷ್ಟಿವಿದ್ಯೆ ಹದಗೊಂಡಿತು. 1791ರಲ್ಲಿ ವೇಕ್‌ಫೀಲ್ಡಿನಲ್ಲಿ ಮೇರಿ ಎಂಬಾಕೆಯನ್ನು ವಿವಾಹವಾಗಿ ಸಂಸಾರಸ್ಥನಾದನು. ಮುಂದೆ ಲಂಡನ್ನಿಗೆ ಬಂದು, ಮುಷ್ಟಿಯುದ್ಧದ ಹುಚ್ಚಿದ್ದ ಕ್ಯಾಮಲ್‌ಫರ್ಡ್ ಪ್ರಭುವಿನ ಬಳಿ ಉದ್ಯೋಗಕ್ಕೆ ನಿಂತನು.

ಇತರ ಮಲ್ಲರು ಕಣವನ್ನು ಬಿಡುವ ವಯಸ್ಸಿನಲ್ಲಿ ರಿಚ್ಮಂಡನು ಕಣಕ್ಕೆ ಇಳಿದನು. 1804ರಲ್ಲಿ ನಲವತ್ತರ ಹರೆಯದಲ್ಲಿ ಜಾರ್ಜ್ ಮ್ಯಾಡಕ್ಸ್ ಎಂಬ ನುರಿತ ಮಲ್ಲನನ್ನು ಎದುರಿಸಿ ಒಂಬತ್ತು ಸುತ್ತುಗಳಲ್ಲಿ ಸೋತನು. 1805ರಲ್ಲಿ ಎರಡು ಗೆಲುವು ಪಡೆದು, ಅದೇ ಅಕ್ಟೋಬರಿನಲ್ಲಿ ತನಗಿಂತ ಹದಿನೆಂಟು ವರ್ಷ ಚಿಕ್ಕವನಾದ ಟಾಮ್ ಕ್ರಿಬ್‌ನಿಗೆ ಸೋತನು. ಸೋಲಿನಿಂದ ಎದೆಗುಂದದೆ 1809ರಲ್ಲಿ ಮ್ಯಾಡಕ್ಸನನ್ನು ಮತ್ತೆ ಕಣಕ್ಕೆ ಕರೆದು 52 ನಿಮಿಷಗಳಲ್ಲಿ ಗೆದ್ದನು. ನಿಂತಲ್ಲೇ ನಿಂತು ಏಟು ತಿನ್ನುವುದೇ ಗಂಡಸುತನವೆಂದು ಜನ ತಿಳಿದಿದ್ದ ಕಾಲವದು. ರಿಚ್ಮಂಡನಾದರೋ ಏಟಿನಿಂದ ಪಕ್ಕಕ್ಕೆ ಸರಿದು, ಎದುರಾಳಿಯು ತೋಲ ತಪ್ಪಿದಾಗ ಹೊಡೆಯುತ್ತಿದ್ದನು. ತಾಳ್ಮೆಯೂ ಶೌರ್ಯದ ಒಂದು ಅಂಗವೆಂದು ಆತನು ಮಾಡಿ ತೋರಿಸಿದನು.

ಮುಂದೆ ಆತನು ಲೆಸ್ಟರ್ ಚೌಕದ ಸಮೀಪದಲ್ಲಿ ಹಾರ್ಸ್ ಅಂಡ್ ಡಾಲ್ಫಿನ್ ಎಂಬ ಪಾನಗೃಹವನ್ನು ನಡೆಸಿದನು. ಅಮೆರಿಕದಿಂದ ಬಂದ ಟಾಮ್ ಮಾಲಿನೋ ಎಂಬ ಕಪ್ಪು ತರುಣನನ್ನು ಶಿಷ್ಯನನ್ನಾಗಿ ಮಾಡಿಕೊಂಡು, 1810ನೆಯ ಡಿಸೆಂಬರ್ 18ರಂದು ಸಸೆಕ್ಸ್ ಪ್ರಾಂತದಲ್ಲಿ ಕ್ರಿಬ್‌ನ ಎದುರಿಗೆ ನಿಲ್ಲಿಸಿದನು. ಮಳೆಯ ನಡುವೆ ನಡೆದ ಆ ಕಾಳಗದಲ್ಲಿ ಮಾಲಿನೋ ಮೇಲುಗೈ ಪಡೆದಾಗ ಜನರು ಹಗ್ಗವನ್ನು ದಾಟಿ ಕಣದೊಳಕ್ಕೆ ನುಗ್ಗಿದರು. ಅರ್ಧ ನಿಮಿಷ ಮೀರಿದರೂ ಕ್ರಿಬ್‌ನಿಗೆ ಏಳಲು ಅವಕಾಶ ದೊರೆಯಿತೆಂಬ ಆಕ್ಷೇಪವು ಇಂದಿಗೂ ಅಳಿದಿಲ್ಲ. ಮೂವತ್ತಕ್ಕೂ ಮಿಕ್ಕ ಸುತ್ತುಗಳ ಅನಂತರ ಮಾಲಿನೋ ಸೋತನು. ಮರುವರ್ಷದ ಸೆಪ್ಟೆಂಬರಿನಲ್ಲಿ ಇಬ್ಬರೂ ಮತ್ತೆ ಕಾದಿದಾಗ ಹನ್ನೊಂದೇ ಸುತ್ತುಗಳಲ್ಲಿ ದವಡೆ ಮುರಿದು ಬಿದ್ದನು. ಗುರುಶಿಷ್ಯರು ಬೇರೆಯಾದರು. ರಿಚ್ಮಂಡನ ಹಣ ಹೋಯಿತು, ಪಾನಗೃಹವೂ ಕೈಬಿಟ್ಟಿತು. ಮಾಲಿನೋ 1818ರಲ್ಲಿ ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿ ದೀನಸ್ಥಿತಿಯಲ್ಲಿ ತೀರಿಕೊಂಡನು.

ರಿಚ್ಮಂಡನು ಮಾತ್ರ ಕುಸಿಯಲಿಲ್ಲ. ಐವತ್ತು ದಾಟಿದ ಮೇಲೆ 1814ರಲ್ಲಿ ಜ್ಯಾಕ್ ಡೆವನ್‌ಪೋರ್ಟನನ್ನೂ 1815ರಲ್ಲಿ ಟಾಮ್ ಷೆಲ್ಟನನ್ನೂ ಸೋಲಿಸಿದನು. ಮುಷ್ಟಿವಿದ್ಯೆಯನ್ನು ಕಲಿಸುವ ಶಾಲೆಯನ್ನು ನಡೆಸಿದನು. ಪ್ರಬಂಧಕಾರನಾದ ವಿಲಿಯಂ ಹ್ಯಾಜ್ಲಿಟ್ಟನೂ ಅಲ್ಲಿ ಕಲಿತವರಲ್ಲೊಬ್ಬನು. 1821ನೆಯ ಜುಲೈ 19ರಂದು ನಾಲ್ಕನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆ ಕಾವಲು ನಿಲ್ಲಲು ಪ್ರಸಿದ್ಧ ಮಲ್ಲರನ್ನು ಕರೆದಾಗ, ಅರಮನೆಯ ಪರಿಚಾರಕರ ಉಡುಪು ತೊಟ್ಟು ನಿಂತವರಲ್ಲಿ ರಿಚ್ಮಂಡನೂ ಇದ್ದನು. ಒಡೆಯನ ಸೊತ್ತಾಗಿ ಹುಟ್ಟಿದವನು ಅಂದು ದೊರೆಯ ಬಾಗಿಲನ್ನು ಕಾದನು.

ಹಳೆಯ ಎದುರಾಳಿ ಕ್ರಿಬ್‌ನು ಮುಪ್ಪಿನಲ್ಲಿ ಆತನಿಗೆ ಆಪ್ತನಾದನು. ರಿಚ್ಮಂಡನು ತನ್ನ ಕೊನೆಯ ಸಂಜೆಯನ್ನು ಕಳೆದದ್ದು ಆ ಗೆಳೆಯನ ಪಾನಗೃಹದಲ್ಲಿ. 1829ನೆಯ ಡಿಸೆಂಬರ್ 28ರಂದು, 66ನೆಯ ವಯಸ್ಸಿನಲ್ಲಿ ಆತನು ಕಾಲವಾದನು. ಆತನು ಹುಟ್ಟಿದ ನ್ಯೂಯಾರ್ಕಿನಲ್ಲಿ ಗುಲಾಮಗಿರಿಯು ಕೊನೆಗೊಂಡು ಆಗ ಎರಡೇ ವರ್ಷವಾಗಿತ್ತು. ಆತನು ಬಾಳಿದ ಬ್ರಿಟನ್ನು ತನ್ನ ವಸಾಹತುಗಳಲ್ಲಿ ಅದನ್ನು ರದ್ದುಗೊಳಿಸುವ ಶಾಸನ ಮಾಡಿದ್ದು 1833ರಲ್ಲಿ.

ರಿಚ್ಮಂಡನು ಗೆದ್ದ ಪಂದ್ಯಗಳಿಗಿಂತ ಆತನು ಬಾಳಿದ ರೀತಿಯೇ ದೊಡ್ಡದು. ಲೋಕವು ಆತನ ಮುಷ್ಟಿಯನ್ನು ಮೆಚ್ಚಿತು, ಬಣ್ಣವನ್ನು ಹಳಿಯಿತು. ಆತನಾದರೋ ಹೊಗಳಿಕೆಗೆ ಉಬ್ಬಲಿಲ್ಲ, ಹಳಿವಿಗೆ ಕುಗ್ಗಲಿಲ್ಲ. ಬಲವುಳ್ಳವರು ಎಲ್ಲ ಕಾಲದಲ್ಲಿಯೂ ಹಲವರಿರುತ್ತಾರೆ; ಬಲವನ್ನು ಹಿಡಿತದಲ್ಲಿಟ್ಟುಕೊಂಡು ತಲೆಯೆತ್ತಿ ಬಾಳುವವರು ವಿರಳ. ಆ ವಿರಳರ ಸಾಲಿನಲ್ಲಿ ಬಿಲ್ ರಿಚ್ಮಂಡನಿಗೆ ಸ್ಥಾನವಿದೆ ಎಂಬುದರಲ್ಲಿ ಸಂದೇಹವಿಲ್ಲ.