ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್ ಕಿರ್ಲೋಸ್ಕರ್

ನಮ್ಮ ಸಂಘದ ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ನೀವೂ ಏನಾದರೂ ಬರೆದುಕೊಡಿರಿ ಎಂದು ಅಧ್ಯಕ್ಷರು ಹೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಪೆನ್ನು ಹಿಡಿಯುವುದು ಸಭೆಯ ನಡಾವಳಿ ಪುಸ್ತಕಕ್ಕೆ ಸಹಿ ಹಾಕಲಿಕ್ಕೆ ಅಷ್ಟೇ. ಸಹಕಾರಿ ಸಂಘಗಳ ಸಂಚಿಕೆ ಎಂದ ಮೇಲೆ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಬಗ್ಗೆ ಬರೆಯುವುದು ವಾಡಿಕೆ. ಅವರ ಬಗ್ಗೆ ನನಗಿಂತ ಬಲ್ಲವರು ಬರೆದಿದ್ದಾರೆ, ಇನ್ನೂ ಬರೆಯುತ್ತಾರೆ. ಆದ್ದರಿಂದ ನಾನು ಅದೇ ಕಾಲದಲ್ಲಿ ಬೆಳಗಾವಿಯಲ್ಲಿ ಕಬ್ಬಿಣ ಕಾಸುತ್ತಿದ್ದ ಇನ್ನೊಬ್ಬ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ನಮ್ಮ ಹಳೇ ಮನೆಯ ದನದ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ರಂಟಿ ಇದೆ. ನಮ್ಮಜ್ಜ ಹೊಡೆದದ್ದು. ಯಾವ ಕಂಪನಿಯದೋ, ಅಕ್ಷರ ಅಳಿಸಿ ಹೋಗಿವೆ. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಆದರೆ ಒಂದು ಕಾಲಕ್ಕೆ ಅದನ್ನು ಹೊಲಕ್ಕೆ ಒಯ್ಯಲಿಕ್ಕೆ ನಮ್ಮ ಕಡೆಯ ರೈತರು ಹೆದರುತ್ತಿದ್ದರು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ಆ ಹೆದರಿಕೆಯ ಎದುರಿಗೆ ನಿಂತವರೇ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್.

ಇವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಸುತ್ತಲಿನ ನೆಲ ಕನ್ನಡ. ಮರಾಠಿ ಸಂಗೀತ ನಾಟಕಕ್ಕೆ ಹೆಸರಾದ ಅಣ್ಣಾಸಾಹೇಬ್ ಕಿರ್ಲೋಸ್ಕರರೂ ಅದೇ ಊರಿನವರು. ತಂದೆ ವೇದಾಂತ ಓದಿಕೊಂಡವರು. ಮಗನಿಗೆ ಮಾತ್ರ ಪುಸ್ತಕಕ್ಕಿಂತ ಚಿತ್ರ ಬರೆಯುವುದು, ಯಂತ್ರ ಬಿಚ್ಚಿ ನೋಡುವುದು ಇವೆರಡರ ಮೇಲೇ ಮನಸ್ಸು. ಶಾಲೆಯಲ್ಲಿ ಹಿಂದೆ. ನಮ್ಮಂಥವರಿಗೆ ಇದನ್ನು ಕೇಳಿದರೆ ಸ್ವಲ್ಪ ಸಮಾಧಾನ ಆಗುತ್ತದೆ ನೋಡಿರಿ!

ಅಣ್ಣ ರಾಮಚಂದ್ರರಾವ್, ಎಲ್ಲರೂ ರಾಮುಅಣ್ಣ ಎಂದು ಕರೆಯುತ್ತಿದ್ದರು, ತಮ್ಮನ ಬೆನ್ನಿಗೆ ನಿಂತರು. 1885ರಲ್ಲಿ ಲಕ್ಷ್ಮಣರಾವ್ ಮುಂಬಯಿಯ ಜೆ.ಜೆ. ಕಲಾ ಶಾಲೆಗೆ ಸೇರಿದರು. ಅಲ್ಲಿ ಒಂದು ಕಷ್ಟ ಎದುರಾಯಿತು. ಕೆಲವು ಬಣ್ಣಗಳನ್ನು ಗುರುತಿಸುವ ಶಕ್ತಿ ಅವರ ಕಣ್ಣಿಗೆ ಇಲ್ಲವೆಂದು ಗೊತ್ತಾಯಿತು. ಚಿತ್ರಕಾರ ಆಗಬೇಕೆಂದು ಮನೆ ಬಿಟ್ಟು ಬಂದ ಹುಡುಗನಿಗೆ ಬಣ್ಣವೇ ಕಾಣುವುದಿಲ್ಲ ಎಂದರೆ ಹೇಗಾಗಿರಬೇಕು. ಆದರೆ ಅವರು ಊರಿಗೆ ಮರಳಲಿಲ್ಲ. ಯಂತ್ರದ ನಕ್ಷೆ ತೆಗೆಯುವುದಕ್ಕೆ ಬಣ್ಣ ಬೇಕಾಗಿಲ್ಲ, ಗೆರೆ ಸಾಕು. ಅದನ್ನು ಕಲಿತು ಅದೇ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ನಕ್ಷೆ ಕಲಿಸುವ ಮಾಸ್ತರರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿನ ಯಂತ್ರಗಳ ಹತ್ತಿರ ಹೋಗಿ ನಿಲ್ಲುವುದು, ಬಿಚ್ಚುವುದು, ಜೋಡಿಸುವುದು. ಯಾರೂ ಕೈಹಿಡಿದು ಕಲಿಸಿದ್ದಲ್ಲ.

1888ರಲ್ಲಿ ಅಣ್ಣ ತಮ್ಮ ಕೂಡಿ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿ ಶುರು ಮಾಡಿದರು. ತಮ್ಮ ಮುಂಬಯಿಯಿಂದ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಮಾರಿದರೆ ಮುಗಿಯಲಿಲ್ಲ, ಕೊಂಡವರಿಗೆ ಹತ್ತಿ ಓಡಿಸುವುದನ್ನೂ ರಾಮುಅಣ್ಣನೇ ಕಲಿಸಬೇಕು. ಸೈಕಲ್ ಅಂದರೆ ಆಗ ಈಗಿನ ಕಾರು ಇದ್ದ ಹಾಗೆ. ಬೆಳಗಾವಿಯಲ್ಲಿ ಇವತ್ತಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಒಂದು ಬೀದಿ ಇದೆ.

ಮುಂಬಯಿಯ ನೌಕರಿಯಲ್ಲಿ ಬಡ್ತಿ ಬರುವ ಸಮಯಕ್ಕೆ ಇವರನ್ನು ಬಿಟ್ಟು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಅದನ್ನು ಕೊಟ್ಟರು. ಹತ್ತು ವರ್ಷದ ಹತ್ತಿರ ಹತ್ತಿರ ದುಡಿದ ಜಾಗ. ಲಕ್ಷ್ಮಣರಾವ್ ವಾದ ಮಾಡಲಿಲ್ಲ, 1897ರಲ್ಲಿ ಕೆಲಸ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು. ತಿಂಗಳ ಪಗಾರ ಬಿಟ್ಟು ಬರುವುದು ಸಣ್ಣ ಮಾತಲ್ಲ. ಆದರೆ ಆ ಬಡ್ತಿ ಸಿಕ್ಕಿದ್ದರೆ ಅವರು ಮಾಸ್ತರರಾಗಿಯೇ ನಿವೃತ್ತಿ ಆಗುತ್ತಿದ್ದರೋ ಏನೋ.

ಬೆಳಗಾವಿಗೆ ಬಂದವರು ಮೊದಲು ಕೈಹಾಕಿದ್ದು ಕಣಿಕಿ ಕತ್ತರಿಸುವ ಯಂತ್ರಕ್ಕೆ. ನಾವು ಜೋಳದ ಕಣಿಕಿಯನ್ನು ಹಾಗೇ ದನದ ಮುಂದೆ ಚೆಲ್ಲಿದರೆ ಅರ್ಧ ತಿಂದು ಅರ್ಧ ತುಳಿಯುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ದಂಟಿನ ಬುಡವನ್ನೂ ತಿನ್ನುತ್ತವೆ, ಬರಗಾಲದಲ್ಲಿ ಒಂದು ಬಣವಿ ಎರಡರಷ್ಟು ದಿನ ಬಾಳುತ್ತದೆ. ಆ ಯಂತ್ರ ಆಗ ಪರದೇಶದಿಂದ ಬರುತ್ತಿತ್ತು. ಅದನ್ನು ಇಲ್ಲೇ ಮಾಡಿ ತೋರಿಸಿದರು.

ಆಮೇಲೆ ಬಂತು ಕಬ್ಬಿಣದ ನೇಗಿಲು. ಕಥೆಯ ನಡುಗಂಬ ಇದೇ. ಕಟ್ಟಿಗೆಯ ರಂಟಿ ಮಣ್ಣನ್ನು ಸೀಳುತ್ತದೆ, ಮಗಚುವುದಿಲ್ಲ. ಎರೆ ಹೊಲದಲ್ಲಿ ಕರಿಕೆ ಬೇರು ಬಿಟ್ಟರೆ ಕಟ್ಟಿಗೆ ರಂಟಿಗೆ ಅದು ಬಗ್ಗುವುದಿಲ್ಲ. ಕಬ್ಬಿಣದ್ದು ಆಳಕ್ಕೆ ಇಳಿದು ಹೆಂಟೆಯನ್ನು ಬುಡಮೇಲು ಮಾಡಿ ಹಾಕುತ್ತದೆ, ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಷ್ಟೆಲ್ಲ ಲಾಭ ಇದ್ದರೂ ರೈತರು ಮುಟ್ಟಲಿಲ್ಲ. ಕಬ್ಬಿಣ ಭೂಮಿತಾಯಿಗೆ ವಿಷ, ಹೊಲ ಕೆಡುತ್ತದೆ ಎಂದು ನಂಬಿದ್ದರು. ಮೊದಲನೇ ನೇಗಿಲು ಮಾರಾಟವಾಗಲಿಕ್ಕೆ ಎರಡು ವರ್ಷ ಹಿಡಿಯಿತು. ಎರಡು ವರ್ಷ ಮಾಡಿಟ್ಟ ಮಾಲು ಕಣ್ಣ ಮುಂದೆ ಬಿದ್ದಿರುವುದು, ಕಬ್ಬಿಣಕ್ಕೆ ಹಾಕಿದ ದುಡ್ಡು ಮರಳದೇ ಇರುವುದು ಎಂಥದ್ದು ಅಂತ ತೊಗರಿ ಚೀಲ ಧಾರಣಿ ಇಲ್ಲದೆ ಮನೆಯಲ್ಲಿ ಇಟ್ಟುಕೊಂಡು ಕೂತವರಿಗೆ ಗೊತ್ತು.

ಈ ಸಂಗತಿ ಬರೆಯುವವರೆಲ್ಲ ರೈತರ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ರೈತನಾಗಿ ಅದನ್ನು ಪೂರಾ ಒಪ್ಪುವುದಿಲ್ಲ. ವಿಷದ ಮಾತು ತಪ್ಪು, ಖರೆ. ಆದರೆ ಕಟ್ಟಿಗೆ ರಂಟಿ ಮುರಿದರೆ ಊರ ಬಡಿಗ್ಯಾ ಸರಿ ಮಾಡಿಕೊಡುತ್ತಿದ್ದ, ಸುಗ್ಗಿಯಲ್ಲಿ ಆಯ ಕೊಟ್ಟರೆ ಆಯಿತು. ಕಬ್ಬಿಣದ್ದು ಮುರಿದರೆ? ಕುಳ ಸವೆದರೆ? ಎತ್ತು ಎಳೆಯದಿದ್ದರೆ? ರೊಕ್ಕ ಕೊಟ್ಟು ತಂದ ಸಾಮಾನು ಹದ ಇರುವ ಎಂಟು ದಿನದಲ್ಲಿ ಕೈಕೊಟ್ಟರೆ ಆ ವರ್ಷದ ಬೆಳೆಯೇ ಹೋದಂತೆ. ಯಾರೋ ಒಬ್ಬರು ಮೊದಲು ಹೊಡೆದು ನೋಡಲಿ ಎಂದು ಕಾಯುವುದು ನಮ್ಮ ಸ್ವಭಾವ, ಅದರಲ್ಲಿ ಬುದ್ಧಿಯೂ ಇದೆ. ಲಕ್ಷ್ಮಣರಾಯರ ದೊಡ್ಡಸ್ತಿಕೆ ಎಂದರೆ ರೈತರಿಗೆ ತಿಳಿಯುವುದಿಲ್ಲ ಎಂದು ಅಂಗಡಿ ಮುಚ್ಚಲಿಲ್ಲ. ಮಾಡುವುದನ್ನು ಬಿಡದೆ ಕಾದರು. ಒಬ್ಬನ ಹೊಲ ನೋಡಿ ಇನ್ನೊಬ್ಬ ಬರುವ ಕಾಲ ಬಂತು.

ಅಷ್ಟರಲ್ಲಿ ಇನ್ನೊಂದು ಪೆಟ್ಟು. ಊರು ಬೆಳೆಸಲಿಕ್ಕೆ ಜಾಗ ಬೇಕೆಂದು ಬೆಳಗಾವಿಯ ಪುರಸಭೆ ಕಾರ್ಖಾನೆಯ ಜಾಗ ಬಿಡಿಸಿತು. ಸಾಮಾನು, ಯಂತ್ರ, ಕೆಲಸಗಾರರನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಆಗ ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ್ ಪಂತ ಪ್ರತಿನಿಧಿಯವರು ಕೈಹಿಡಿದರು. ಔಂಧದಲ್ಲಿ ಒಂದು ಸಭಾಮಂಟಪ ಕಟ್ಟುವ ಕೆಲಸ ಲಕ್ಷ್ಮಣರಾಯರಿಗೆ ಸಿಕ್ಕಿತ್ತು. ರಾಜರು ಸ್ವತಃ ಚಿತ್ರಕಾರರು, ಕೆಲಸ ಬಲ್ಲವರನ್ನು ಗುರುತಿಸುವವರು. ಹತ್ತು ಸಾವಿರ ರೂಪಾಯಿ ಸಾಲ ಮತ್ತು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಪಡಾ ಭೂಮಿ ದೊರೆಯಿತು. ಭೂಮಿ ಎಂದರೆ ಪಾಪಾಸುಕಳ್ಳಿ ಮತ್ತು ಹಾವು, ಇಷ್ಟೇ. ನೀರೂ ಕಡಿಮೆ. 1910ರ ಮಾರ್ಚಿನಲ್ಲಿ ಅಲ್ಲಿಗೆ ಹೋಗಿ ಬಿಡಾರ ಹೂಡಿದರು. ಅದೇ ಮುಂದೆ ಕಿರ್ಲೋಸ್ಕರವಾಡಿ ಆಯಿತು, ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಆ ರೈಲು ನಿಲ್ದಾಣಕ್ಕೂ ಈಗ ಅದೇ ಹೆಸರು.

ಅವರ ಸಂಗಡ ಹೋದವರು ಯಾರು ಎಂದು ನೋಡಿದರೆ ಆಶ್ಚರ್ಯ ಆಗುತ್ತದೆ. ಊರಿನ ರಸ್ತೆ, ಮನೆ, ನೀರು ಇವುಗಳ ಜವಾಬ್ದಾರಿ ಅಣ್ಣ ರಾಮುಅಣ್ಣನದು. ಯಂತ್ರ ಕೆಟ್ಟರೆ ಶಂಭೂರಾವ್ ಜಾಂಭೇಕರ್. ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ. ಎಲ್ಲಾ ಕೆಲಸಕ್ಕೂ ಸೈ ಎನ್ನುವ ಕೆ.ಕೆ. ಕುಲಕರ್ಣಿ. ಹೊಸ ಹೊಸ ಯಂತ್ರ ಯೋಚಿಸುವವರು ಅನಂತರಾವ್ ಫಳ್ಣೀಕರ್, ಇವರು ಶಾಲೆ ಅರ್ಧಕ್ಕೆ ಬಿಟ್ಟವರು! ದರೋಡೆ ಮಾಡಿ ಶಿಕ್ಷೆ ಅನುಭವಿಸಿ ಬಂದ ಇಬ್ಬರನ್ನು ರಾತ್ರಿ ಕಾವಲಿಗೆ ಇಟ್ಟರು. ಅವರು ಕೊನೆಯವರೆಗೂ ನಂಬಿಗಸ್ತರಾಗಿ ಉಳಿದರು. ವಾಡಿಯಲ್ಲಿ ಮುಟ್ಟು-ಮೈಲಿಗೆ ನಡೆಯಕೂಡದು ಎಂದು ಲಕ್ಷ್ಮಣರಾಯರು ಕಟ್ಟುನಿಟ್ಟು ಮಾಡಿದರು. 1910ರ ಸುಮಾರಿಗೆ ಈ ಮಾತು ಎಂದರೆ ವಿಚಾರ ಮಾಡಿರಿ. ನಮ್ಮ ಎಷ್ಟೋ ಊರುಗಳಲ್ಲಿ ಹೋಟೆಲಿನ ಚಾ ಕಪ್ಪಿನ ವಿಷಯ ಇವತ್ತಿಗೂ ಪೂರಾ ಬಗೆಹರಿದಿಲ್ಲ.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಪರದೇಶದ ನೇಗಿಲು ಬರುವುದು ನಿಂತಿತು, ಇವರ ನೇಗಿಲಿಗೆ ಬೇಡಿಕೆ ಬಂತು, ಆದರೆ ಕಬ್ಬಿಣವೇ ಸಿಗದಂತಾಯಿತು. ಕಲ್ಲಿದ್ದಲೂ ಇಲ್ಲ, ಬಣ್ಣವೂ ಇಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೇ ತೋಪುಗಳನ್ನು ಕೊಟ್ಟರು. ಅವನ್ನು ಕರಗಿಸಿ ನೇಗಿಲು ಎರಕ ಹೊಯ್ದರು. ಅತ್ತ ಜಗತ್ತಿನವರು ಕಬ್ಬಿಣ ಕಾಸಿ ತೋಪು ಮಾಡುತ್ತಿದ್ದಾಗ ಇಲ್ಲಿ ತೋಪು ಕಾಸಿ ರಂಟಿ ಮಾಡುತ್ತಿದ್ದರು. ಇದನ್ನು ನೆನೆದಾಗೆಲ್ಲ ನನಗೆ ಖುಷಿ.

ಯುದ್ಧ ಮುಗಿದ ಮೇಲೆ 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಎಂಬುದು ಲಿಮಿಟೆಡ್ ಕಂಪನಿ ಆಯಿತು. ಕಬ್ಬು ಅರೆಯುವ ಗಾಣ, ಶೇಂಗಾ ಬಿಡಿಸುವ ಯಂತ್ರ, ಕೈಪಂಪು, 1926ರ ಹೊತ್ತಿಗೆ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು, ಹೀಗೆ ಒಂದರ ಹಿಂದೆ ಒಂದು ಬಂದವು. ಅದೇ 1926ರಲ್ಲಿ ಮಗ ಶಂತನುರಾವ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿದರು. ತಂದೆ ಸ್ವಂತ ಕಣ್ಣಿನಿಂದ ನೋಡಿ ಕಲಿತದ್ದನ್ನು ಮಗ ಅಷ್ಟು ದೂರ ಹೋಗಿ ಓದಿಕೊಂಡು ಬಂದರು, ಎರಡೂ ಒಂದೇ ಕಾರ್ಖಾನೆಗೆ ಉಪಯೋಗ ಬಿದ್ದವು. ಕನ್ನಡ ನಾಡಿಗೆ ಆ ಮನೆತನ ಮತ್ತೆ ಬಂದದ್ದು 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದಾಗ. ಲೇತ್ ಯಂತ್ರಗಳಿಗೆ ಅದು ಹೆಸರುವಾಸಿಯಾಗಿತ್ತು. ಬಹಳ ವರ್ಷ ಸಾವಿರಾರು ಮನೆಗಳ ಒಲೆ ಉರಿಸಿದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಆದವು.

ಲಕ್ಷ್ಮಣರಾಯರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಆಗ ಬೆಳಗಾವಿ ಮುಂಬಯಿ ರಾಜ್ಯದಲ್ಲಿ, ನಮ್ಮ ಕೊಂಕಲ್, ಯಾದಗಿರಿ ಎಲ್ಲ ಹೈದರಾಬಾದ್ ರಾಜ್ಯದಲ್ಲಿ. ಅವರು ಹುಟ್ಟಿದ ಊರೂ ನಮ್ಮ ಊರೂ ಒಂದೇ ರಾಜ್ಯಕ್ಕೆ ಬಂದದ್ದು ನವೆಂಬರ್ 1ಕ್ಕೆ, ಅವರು ಹೋಗಿ ತಿಂಗಳ ಮೇಲೆ ಐದಾರು ದಿನಕ್ಕೆ. 1969ರಲ್ಲಿ ಅವರ ಜನ್ಮ ಶತಮಾನೋತ್ಸವಕ್ಕೆ ಭಾರತ ಸರ್ಕಾರ ಅಂಚೆಚೀಟಿ ಹೊರಡಿಸಿತು.

ಇಷ್ಟು ಬರೆದ ಮೇಲೆ ನನ್ನದೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾನು ನಿರ್ದೇಶಕನಾದ ಹೊಸತರಲ್ಲಿ ನಮ್ಮ ಸೀಮೆಯ ಒಬ್ಬ ಹುಡುಗ ಮೋಟಾರು, ಔಷಧ ಹೊಡೆಯುವ ಪಂಪು ರಿಪೇರಿ ಮಾಡುವ ಶೆಡ್ ಹಾಕುತ್ತೇನೆ, ಸಾಲ ಕೊಡಿಸಿರಿ ಎಂದು ಕೇಳಿಕೊಂಡು ಬಂದಿದ್ದ. ಕೈಯಲ್ಲಿ ಕೆಲಸ ಇತ್ತು, ನಮ್ಮ ಮನೆಯ ಪಂಪನ್ನೇ ಎರಡು ಸಲ ಸರಿ ಮಾಡಿಕೊಟ್ಟಿದ್ದ. ಆದರೆ ಹೆಸರಿನಲ್ಲಿ ಪಹಣಿ ಇರಲಿಲ್ಲ, ಜಾಮೀನು ನಿಲ್ಲುವವರೂ ಇರಲಿಲ್ಲ. ಬೇರೆಯವರ ಕಡೆ ನೋಡಿ ನಾನೂ ಬೇಡ ಎಂದೆ. ಸಂಘದ ದುಡ್ಡು ಎಂದರೆ ಎಲ್ಲಾ ಸದಸ್ಯರ ದುಡ್ಡು, ಮುಳುಗಿದರೆ ಯಾರು ಉತ್ತರ ಹೇಳಬೇಕು ಎಂಬ ಅಂಜಿಕೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಅವನು ಹೆಂಡತಿ ಮಕ್ಕಳನ್ನು ಕರಕೊಂಡು ಪುಣೆ ಕಡೆ ಗುಳೆ ಹೋದ. ಜಾತ್ರೆಗೆ ಬಂದಾಗ ನನ್ನ ನೋಡಿ ನಮಸ್ಕಾರ ಮಾಡುತ್ತಾನೆ, ಆರಾಮ ಇದ್ದೀರೇನ್ರೀ ಗೌಡ್ರೇ ಅಂತಾನೆ. ನನಗೇ ಮುಖ ಎತ್ತಲಿಕ್ಕೆ ಆಗುವುದಿಲ್ಲ. ಔಂಧದ ರಾಜರು ಲಕ್ಷ್ಮಣರಾಯರ ಕೈಕೆಲಸ ನೋಡಿದ್ದರು. ರಾಜರಿಗೆ ಸ್ವಂತ ಖಜಾನೆ ಇತ್ತು, ನಮಗಿಲ್ಲ, ಅದೂ ಖರೆ. ಆದರೂ ಈ ಎರಡನ್ನೂ ಮಗ್ಗಲಿಗೆ ಇಟ್ಟು ನೋಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಈ ಸಲದ ಸಭೆಗೆ ಅಂಥದೇ ಇನ್ನೊಂದು ಅರ್ಜಿ ಬಂದಿದೆ. ಹುಡುಗ ತಾನೇ ವೆಲ್ಡಿಂಗ್ ಮಾಡಿ ಶೇಂಗಾ ಬಿಡಿಸುವ ಸಣ್ಣ ಯಂತ್ರ ಮಾಡಿದ್ದಾನೆ, ಮೋಟಾರಿನ ಮೇಲೆ ನಡೆಯುತ್ತದೆ. ಕಾಗದ ನೋಡುವ ಮೊದಲು ಸಾಮಾನು ನೋಡೋಣವೆಂದು ಹೋದ ವಾರ ನಮ್ಮ ಮನೆಯ ಎರಡು ಚೀಲ ಶೇಂಗಾ ಒಯ್ದು ಅದರಲ್ಲಿ ಹಾಕಿಸಿದೆ. ಕೆಲಸ ಜಲ್ದಿ ಆಗುತ್ತದೆ, ಆದರೆ ಕಾಳು ಒಡೀತಾವ. ಬೀಜಕ್ಕೆ ಬರುವುದಿಲ್ಲ. ಅದನ್ನು ಅವನಿಗೆ ಮುಖದ ಮೇಲೇ ಹೇಳಿದೆ. ಅವನು ಬೇಜಾರು ಮಾಡಿಕೊಳ್ಳದೆ ಒಡೆದ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದ. ಜಾಳಿಗೆಯ ಸಂದು ಬದಲಿಸಿ, ನಮ್ಮ ಸಂಘದ ಹಬ್ಬ ಮುಗಿದ ಮೇಲೆ ಮತ್ತೆ ಕರೆಯುತ್ತೇನೆ ಎಂದಿದ್ದಾನೆ. ಇನ್ನೆರಡು ಚೀಲ ತೆಗೆದಿಟ್ಟಿದ್ದೇನೆ.